ಮಾರ್ಚ್ 12ರೊಳಗೆ 2.6 ಕೋಟಿ ಡಾಲರ್ ಇಳಿಸಬೇಕು: ಮೊದಲು ಯಾರ ಒಪ್ಪಂದವನ್ನು ಮುಟ್ಟಬೇಕು?

ಪ್ರಶ್ನೆ: ಭಾನುವಾರದನೋಟ

ಎಲ್ಲರಿಗೂ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ 2025ರ ಋತುವಿಗೆ ಪ್ರತಿ ತಂಡದ ಒಟ್ಟು ಸಂಬಳದ ಮಿತಿಯನ್ನು, ಅಂದರೆ ನಾವೆಲ್ಲ ಕ್ಯಾಪ್ ಎಂದು ಕರೆಯುವ ಮೊತ್ತವನ್ನು, 27.92 ಕೋಟಿ ಡಾಲರ್ ಎಂದು ಪ್ರಕಟಿಸಿದ ದಿನದಿಂದ ನಾನು ನನ್ನ ಮೆಚ್ಚಿನ ತಂಡದ ಲೆಕ್ಕವನ್ನು ಹಾಕುತ್ತ ಕುಳಿತಿದ್ದೇನೆ. ಲೆಕ್ಕ ಕೂಡುತ್ತಿದೆ, ಆದರೆ ತೀರ್ಮಾನ ಕೂಡಿಬರುತ್ತಿಲ್ಲ. ತಂಡದ ಹೆಸರು ಹೇಳಿದರೆ ಚರ್ಚೆ ಆಟಗಾರರ ಮೇಲಿನ ಅಭಿಮಾನದ ಕಡೆಗೆ ತಿರುಗುತ್ತದೆ ಎಂಬ ಕಾರಣಕ್ಕೆ ಹೆಸರನ್ನು ಬಿಟ್ಟಿದ್ದೇನೆ; ಅಂಕಿಗಳನ್ನೂ ಓದಲು ಸುಲಭವಾಗುವಂತೆ ದುಂಡಾಗಿಸಿದ್ದೇನೆ.

ಕಳೆದ ಋತುವಿನಲ್ಲಿ ಖರ್ಚಾಗದೆ ಉಳಿದು ಈ ವರ್ಷಕ್ಕೆ ಬಂದ 48 ಲಕ್ಷವನ್ನು ಸೇರಿಸಿದರೆ ನಮ್ಮ ಮಿತಿ 28.40 ಕೋಟಿ ಡಾಲರ್ ಆಗುತ್ತದೆ. ಅತಿ ಹೆಚ್ಚು ಸಂಬಳದ 51 ಆಟಗಾರರ ಮೊತ್ತ ಮತ್ತು ಈಗಾಗಲೇ ತಂಡ ಬಿಟ್ಟವರ ಡೆಡ್ ಮನಿ (ಅವರು ಹೋದ ಮೇಲೂ ಲೆಕ್ಕದಲ್ಲಿ ಉಳಿಯುವ ಹಣ) ಎರಡೂ ಸೇರಿ 31 ಕೋಟಿ ಆಗಿದೆ. ಹೊಸ ಲೀಗ್ ವರ್ಷ 2025ರ ಮಾರ್ಚ್ 12ರಂದು ನ್ಯೂಯಾರ್ಕ್ ಸಮಯ ಸಂಜೆ 4 ಗಂಟೆಗೆ ಆರಂಭವಾಗುವಷ್ಟರಲ್ಲಿ 2.60 ಕೋಟಿ ಇಳಿಯಲೇಬೇಕು. ಕೈ ಹಾಕಬಹುದಾದ ಒಪ್ಪಂದಗಳು ನನಗೆ ಐದು ಕಾಣುತ್ತವೆ.

ಆಟವನ್ನು ನಡೆಸಿ ಚೆಂಡೆಸೆಯುವ ನಮ್ಮ ಕ್ವಾರ್ಟರ್‌ಬ್ಯಾಕ್‌ಗೆ 29 ವರ್ಷ; ಏಳು ಋತುಗಳನ್ನು ಪೂರೈಸಿದ್ದಾರೆ; ಒಪ್ಪಂದ 2028ರವರೆಗೆ ಇದೆ. ಈ ವರ್ಷದ ಮೂಲ ಸಂಬಳ 3 ಕೋಟಿ, ಸಹಿ ಹಾಕಿದಾಗ ಕೊಟ್ಟ ಹಳೆಯ ಸೈನಿಂಗ್ ಬೋನಸ್‌ನ ವಾರ್ಷಿಕ ಪಾಲು 1.20 ಕೋಟಿ, ಒಟ್ಟು 4.20 ಕೋಟಿ. ಅವರನ್ನು ಕಾಯುವ ಎಡ ಟ್ಯಾಕಲ್‌ಗೆ 31 ವರ್ಷ, ಒಪ್ಪಂದ 2026ಕ್ಕೆ ಮುಗಿಯುತ್ತದೆ, ಮೂಲ ಸಂಬಳ 1.40 ಕೋಟಿ ಮತ್ತು ಹಳೆಯ ಪಾಲು 40 ಲಕ್ಷ. ಎಸೆದ ಚೆಂಡು ಹಿಡಿಯುವ 30 ವರ್ಷದ ರಿಸೀವರ್‌ಗೆ ಒಪ್ಪಂದ 2027ರವರೆಗೆ ಇದೆ, ಮೂಲ ಸಂಬಳ 1.20 ಕೋಟಿ, ಹಳೆಯ ಪಾಲು ವರ್ಷಕ್ಕೆ 30 ಲಕ್ಷ. ಅವರ ಸಂಬಳದ ಅರ್ಧ ಭಾಗ ಹೊಸ ಲೀಗ್ ವರ್ಷದ ಐದನೇ ದಿನ ಖಾತರಿಯಾಗುತ್ತದೆ, ಅಂದರೆ ಆಮೇಲೆ ಬಿಟ್ಟರೂ ಕೊಡಲೇಬೇಕು. ಕಾಲೇಜು ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾಗಿದ್ದ, ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ಮುಗಿಬೀಳುವ 26 ವರ್ಷದ ಪಾಸ್ ರಶರ್, ತಂಡವೇ ಒಪ್ಪಂದವನ್ನು ಒಂದು ವರ್ಷ ಮುಂದುವರಿಸುವ ಐದನೇ ವರ್ಷದ ಆಪ್ಷನ್ ಮೇಲೆ 1.50 ಕೋಟಿಗೆ ಆಡಲಿದ್ದಾರೆ, ಆ ಮೊತ್ತ ಪೂರ್ತಿ ಖಾತರಿಯದು. ಕೊನೆಯವರು ರಕ್ಷಣೆಯ ಹಿಂದಿನ ಸಾಲಿನಲ್ಲಿ ಆಡುವ 33 ವರ್ಷದ ಸೇಫ್ಟಿ, ನಮ್ಮ ನಾಯಕರಲ್ಲಿ ಒಬ್ಬರು. ಅವರಿಗೆ 60 ಲಕ್ಷ, ಹಳೆಯ ಬೋನಸ್ ಯಾವುದೂ ಬಾಕಿ ಇಲ್ಲ.

ಎಲ್ಲರ ಮೂಲ ಸಂಬಳವನ್ನೂ ಬೋನಸ್ ಆಗಿ ಪರಿವರ್ತಿಸಿ, ಒಪ್ಪಂದದ ಕೊನೆಗೆ ಖಾಲಿ ವರ್ಷಗಳನ್ನು (ಆಟಗಾರ ಆಡದ, ಬೋನಸ್ ಹಂಚಲೆಂದೇ ಇರುವ ವರ್ಷಗಳನ್ನು) ಸೇರಿಸಿದರೆ ಒಂದೇ ಮಧ್ಯಾಹ್ನದಲ್ಲಿ ಮಿತಿಯೊಳಗೆ ಬರಬಹುದು ಎಂಬುದು ನನಗೆ ತಿಳಿದಿದೆ. ಹಾಗೆ ಮಾಡುವುದು ಜಾಣತನವೇ, ಅಥವಾ ಎರಡು ವರ್ಷಗಳ ನಂತರ ತಂಡವನ್ನು ಕಟ್ಟಿಹಾಕುವ ಸಾಲವೇ ಎಂಬುದು ನನಗೆ ನಿಜವಾಗಿಯೂ ಬಗೆಹರಿದಿಲ್ಲ. ನೀವು ಈ ಜಾಗದಲ್ಲಿದ್ದರೆ ಯಾವ ಕ್ರಮದಲ್ಲಿ ಮುಂದುವರಿಯುತ್ತೀರಿ? ಜೊತೆಗೆ, ಸೆಪ್ಟೆಂಬರ್‌ನಿಂದ ಜನವರಿಯವರೆಗಿನ ಆಟಕ್ಕೆ ಎಷ್ಟು ಹಣವನ್ನು ಮುಟ್ಟದೆ ಇಡಬೇಕು?

ಉತ್ತರ 1: ಲೆಕ್ಕದಪುಸ್ತಕ

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಪ್ರತಿ ಒಪ್ಪಂದದಲ್ಲೂ ಎರಡು ಅಂಕಿಗಳನ್ನು ಪ್ರತ್ಯೇಕವಾಗಿ ನೋಡಬೇಕು. ಒಂದು, ಆಟಗಾರನನ್ನು ಉಳಿಸಿಕೊಂಡರೆ ಈ ವರ್ಷ ಎಷ್ಟು ಲೆಕ್ಕಕ್ಕೆ ಬರುತ್ತದೆ ಎಂಬುದು. ಇನ್ನೊಂದು, ಕಳುಹಿಸಿದರೂ ಎಷ್ಟು ನಮ್ಮ ತಲೆಯ ಮೇಲೆ ಉಳಿಯುತ್ತದೆ ಎಂಬುದು. ಸೈನಿಂಗ್ ಬೋನಸ್ ಆಟಗಾರನ ಕೈಗೆ ಬೇಗನೆ ಸೇರುತ್ತದೆ, ಕ್ಯಾಪ್ ಲೆಕ್ಕದಲ್ಲಿ ಮಾತ್ರ ಗರಿಷ್ಠ ಐದು ವರ್ಷಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಆಟಗಾರ ಮಧ್ಯದಲ್ಲಿ ತಂಡ ಬಿಟ್ಟರೆ ಇನ್ನೂ ಲೆಕ್ಕಕ್ಕೆ ಬಾರದ ಪಾಲುಗಳೆಲ್ಲ ಒಟ್ಟಾಗಿ ಬಂದು ಬೀಳುತ್ತವೆ. ಡೆಡ್ ಮನಿ ಎಂದರೆ ಅದೇ.

ಈ ದೃಷ್ಟಿಯಿಂದ ನಾನು ಮೊದಲು ಹೋಗುವುದು ಪಾಸ್ ರಶರ್ ಬಳಿಗೆ. 26 ವರ್ಷದ, ಹೇಗೂ ಉಳಿಸಿಕೊಳ್ಳಲೇಬೇಕಾದ ಆಟಗಾರನಿಗೆ ಈಗಲೇ ದೀರ್ಘ ಒಪ್ಪಂದ ಕೊಟ್ಟು, 3 ಕೋಟಿ ಸೈನಿಂಗ್ ಬೋನಸ್ ನೀಡಿ, ಈ ವರ್ಷದ ಮೂಲ ಸಂಬಳವನ್ನು ನಾಲ್ಕು ಋತು ಆಡಿದವರ ಕನಿಷ್ಠವಾದ 11.70 ಲಕ್ಷಕ್ಕೆ ಇಳಿಸಿದರೆ, ಬೋನಸ್‌ನ ಪಾಲು 60 ಲಕ್ಷ ಸೇರಿ ಒಟ್ಟು 71.70 ಲಕ್ಷ ಆಗುತ್ತದೆ. 1.50 ಕೋಟಿಯ ಜಾಗದಲ್ಲಿ 78 ಲಕ್ಷ ಮಿಕ್ಕಿತು. ಮುಂದೂಡಿದ ಹಣ ಅವರ 30ನೇ ವಯಸ್ಸಿನೊಳಗೆ ತೀರಿಹೋಗುತ್ತದೆ ಎಂಬುದು ನನಗೆ ಮುಖ್ಯ.

ಎರಡನೆಯದು ಸೇಫ್ಟಿ. ಮನಸ್ಸಿಗೆ ಕಷ್ಟವಾದರೂ 60 ಲಕ್ಷದಲ್ಲಿ ಒಂದು ಡಾಲರ್ ಕೂಡ ಡೆಡ್ ಮನಿ ಆಗುವುದಿಲ್ಲ. ಆದರೆ ಉಳಿತಾಯ 60 ಲಕ್ಷ ಎಂದು ಬರೆದುಕೊಳ್ಳಬೇಡಿ: ಋತು ಆರಂಭವಾಗುವವರೆಗೆ 51 ಮಂದಿಯ ಲೆಕ್ಕವಿರುವುದರಿಂದ ಅವರು ಹೋದ ಕೂಡಲೇ 52ನೆಯವರು ಮೇಲಕ್ಕೆ ಬರುತ್ತಾರೆ. ಆ ಆಟಗಾರನಿಗೆ ಈ ವರ್ಷದ ಅತಿ ಕಡಿಮೆ ಸಂಬಳವಾದ 8.40 ಲಕ್ಷ ಎಂದುಕೊಂಡರೂ ನಿವ್ವಳ ಉಳಿತಾಯ ಸುಮಾರು 51.60 ಲಕ್ಷ.

ಮೂರನೆಯದು ಕ್ವಾರ್ಟರ್‌ಬ್ಯಾಕ್, ಆದರೆ ಮಿತವಾಗಿ. 3 ಕೋಟಿಯಲ್ಲಿ 2 ಕೋಟಿಯನ್ನು ಮಾತ್ರ ಬೋನಸ್ ಆಗಿ ಪರಿವರ್ತಿಸಿ ಉಳಿದಿರುವ ನಾಲ್ಕು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 50 ಲಕ್ಷ. ಈ ವರ್ಷದ ಉಳಿತಾಯ 1.50 ಕೋಟಿ. ಮೂರೂ ಸೇರಿ ಸುಮಾರು 2.80 ಕೋಟಿ. ಮಿತಿಯೊಳಗೆ ಬಂದು 20 ಲಕ್ಷ ಉಳಿಯಿತು.

ರಿಸೀವರ್ ವಿಷಯದಲ್ಲಿ ಆತುರ ಬೇಡ. ಈಗ ಬಿಟ್ಟರೆ 30 ಲಕ್ಷದ ಮೂರು ಪಾಲುಗಳು ಸೇರಿ 90 ಲಕ್ಷ ಡೆಡ್ ಮನಿ ಆಗುತ್ತದೆ, ಉಳಿತಾಯ 60 ಲಕ್ಷ ಮಾತ್ರ. ಜೂನ್ 1 ಕಳೆದ ಮೇಲೆ ಬಿಟ್ಟರೆ ಈ ವರ್ಷ 30 ಲಕ್ಷ, ಮುಂದಿನ ವರ್ಷ 60 ಲಕ್ಷ. ಈ ವರ್ಷದ ಉಳಿತಾಯ 1.20 ಕೋಟಿಗೆ ಏರುತ್ತದೆ. ಆದ್ದರಿಂದ ಕಾಯಿರಿ.

ಟ್ಯಾಕಲ್ ಒಪ್ಪಂದವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಮೂಲ ಸಂಬಳದಲ್ಲಿ ಕನಿಷ್ಠವಾದ 12.55 ಲಕ್ಷ ಬಿಟ್ಟು ಉಳಿದದ್ದನ್ನು ಮೂರು ಖಾಲಿ ವರ್ಷಗಳೂ ಸೇರಿದಂತೆ ಐದಕ್ಕೆ ಹಂಚಿದರೆ ಇಂದು 1.02 ಕೋಟಿ ಸಿಗುತ್ತದೆ ನಿಜ. ಆದರೆ 2026ರ ನಂತರ ಒಪ್ಪಂದ ತಾನಾಗಿ ರದ್ದಾದಾಗ 76 ಲಕ್ಷಕ್ಕೂ ಹೆಚ್ಚು 2027ರ ಲೆಕ್ಕಕ್ಕೆ ಒಟ್ಟಿಗೆ ಬೀಳುತ್ತದೆ. ಆಗ ಅವರಿಗೆ 33 ವರ್ಷ. ಅವರು ತಂಡದಲ್ಲಿ ಇಲ್ಲದಿರಬಹುದು, ಅವರ ಜಾಗಕ್ಕೆ ಬಂದವರ ಸಂಬಳವೂ ಅದೇ ಮಿತಿಯಿಂದ ಹೊರಡಬೇಕು.

ಉತ್ತರ 2: ನಾಲ್ಕನೇಡೌನ್

ಮೇಲಿನವರ ಲೆಕ್ಕ ಸರಿಯಾಗಿದೆ, ಕ್ರಮವನ್ನು ಮಾತ್ರ ನಾನು ಒಪ್ಪುವುದಿಲ್ಲ. ಅವರು ಹಣ ಎಷ್ಟು ಎಂದು ನೋಡಿದ್ದಾರೆ. ಸಹಿ ಯಾರದು ಎಂದು ನೋಡಿಲ್ಲ.

ಪಾಸ್ ರಶರ್ ಜೊತೆಗಿನ ದೀರ್ಘ ಒಪ್ಪಂದಕ್ಕೆ ಅವರ ಏಜೆಂಟ್ ಒಪ್ಪಬೇಕು. ತಂಡ ಮಾರ್ಚ್ 12ರೊಳಗೆ ಮಿತಿಗೆ ಬರಲು ಆ ಸಹಿಯನ್ನೇ ನಂಬಿಕೊಂಡಿದೆ ಎಂದು ಗೊತ್ತಾದ ಕ್ಷಣದಲ್ಲಿ 3 ಕೋಟಿಯ ಬೋನಸ್ 3.5 ಕೋಟಿಯಾದರೆ ಆಶ್ಚರ್ಯಪಡಬೇಕಾಗಿಲ್ಲ. ಗಡುವು ನಮ್ಮದು, ಅವರದಲ್ಲ. ಇದಕ್ಕೆ ಹೋಲಿಸಿದರೆ ದೊಡ್ಡ ಆಟಗಾರರ ಅನೇಕ ಒಪ್ಪಂದಗಳಲ್ಲಿ, ಆಟಗಾರನ ಹೊಸ ಒಪ್ಪಿಗೆ ಕೇಳದೆಯೇ ತಂಡ ಮೂಲ ಸಂಬಳವನ್ನು ಬೋನಸ್ ಆಗಿ ಪರಿವರ್ತಿಸಬಹುದು ಎಂಬ ಷರತ್ತು ಮೊದಲೇ ಇರುತ್ತದೆ. ನಿಮ್ಮ ಕ್ವಾರ್ಟರ್‌ಬ್ಯಾಕ್ ಒಪ್ಪಂದದಲ್ಲಿ ಅದು ಇದೆಯೇ ಎಂದು ಮೊದಲು ಪರಿಶೀಲಿಸಿ. ಖಾಲಿ ವರ್ಷವನ್ನು ಹೊಸದಾಗಿ ಸೇರಿಸಲು ಅವರ ಸಹಿ ಬೇಕಾಗುತ್ತದೆ, ಹಾಗಾಗಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ. ಏಳು ಋತು ಪೂರೈಸಿದವರಿಗೆ ಬಿಡಲೇಬೇಕಾದ 12.55 ಲಕ್ಷ ಕಳೆದು ಉಳಿದ 2.87 ಕೋಟಿಯನ್ನು ನಾಲ್ಕು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಸುಮಾರು 72 ಲಕ್ಷ. ಈ ವರ್ಷದ ಉಳಿತಾಯ 2.15 ಕೋಟಿ. ಸೇಫ್ಟಿಯವರ 51.60 ಲಕ್ಷ ಸೇರಿದರೆ 2.67 ಕೋಟಿ. ಯಾರ ಮನೆ ಬಾಗಿಲಿಗೂ ಹೋಗದೆ, ಏಳು ಲಕ್ಷ ಮಿಗಿಸಿಕೊಂಡು ನೀವು ಮಿತಿಯೊಳಗೆ ಬಂದಿರಿ.

ಇದಕ್ಕೆ ತೆರುವ ಬೆಲೆ 2026, 2027, 2028ರಲ್ಲಿ ವರ್ಷಕ್ಕೆ 22 ಲಕ್ಷ ಹೆಚ್ಚು. ಆ ಬೆಲೆಗೆ ಪಾಸ್ ರಶರ್ ಜೊತೆ ಜುಲೈವರೆಗೂ ಸಮಾಧಾನದಿಂದ ಮಾತನಾಡುವ ಸ್ವಾತಂತ್ರ್ಯ ಸಿಗುತ್ತದೆ, ಸಹಿಯಾದ ದಿನ 78 ಲಕ್ಷ ಹೊಸದಾಗಿ ಕೈಗೆ ಬರುತ್ತದೆ. ನನ್ನ ಮಟ್ಟಿಗೆ ಅದು ದುಬಾರಿಯಲ್ಲ.

ರಿಸೀವರ್ ಬಗ್ಗೆ ಕಾಯಿರಿ ಎಂಬ ಸಲಹೆ ಅಪಾಯಕಾರಿ. ಲೀಗ್ ವರ್ಷದ ಐದನೇ ದಿನ ಅವರ ಅರ್ಧ ಸಂಬಳ, ಅಂದರೆ 60 ಲಕ್ಷ, ಖಾತರಿಯಾಗುತ್ತದೆ ಎಂದು ಪ್ರಶ್ನೆಯಲ್ಲೇ ಇದೆ. ಜೂನ್‌ವರೆಗೆ ಕಾದರೆ ಉಳಿಯಬೇಕಾದ 1.20 ಕೋಟಿಯಲ್ಲಿ ಅರ್ಧ ಹೋಯಿತು. ನಿಯಮದಲ್ಲಿ ಇದಕ್ಕೆ ದಾರಿ ಇದೆ: ಪ್ರತಿ ತಂಡವೂ ವರ್ಷಕ್ಕೆ ಇಬ್ಬರು ಆಟಗಾರರನ್ನು ಮಾರ್ಚ್‌ನಲ್ಲೇ ಬಿಡುಗಡೆ ಮಾಡಿ, ಅವರನ್ನು ಜೂನ್ 1ರ ನಂತರದ ಬಿಡುಗಡೆ ಎಂದು ಗುರುತಿಸಬಹುದು. ಆಟಗಾರ ಅಂದೇ ಸ್ವತಂತ್ರನಾಗುತ್ತಾನೆ, ಖಾತರಿಯ ದಿನ ಬರುವುದೇ ಇಲ್ಲ. ಆದರೆ ಜೂನ್ 2ರವರೆಗೆ ಪೂರ್ತಿ 1.50 ಕೋಟಿ ನಿಮ್ಮ ಲೆಕ್ಕದಲ್ಲೇ ಕುಳಿತಿರುತ್ತದೆ. ಅದಕ್ಕಾಗಿಯೇ ಮಾರ್ಚ್ 12ರ ಕೊರತೆ ತುಂಬಲು ಅವರನ್ನು ನಂಬಬಾರದು. ಬೇಸಿಗೆಯ ಖರ್ಚಿಗೆ ನಂಬಬಹುದು.

ಸೇಫ್ಟಿಯವರ ಬಗ್ಗೆ ಒಂದು ಮಾತು. ಬಿಡುವುದೇ ಆದರೆ ಸ್ವತಂತ್ರ ಆಟಗಾರರ ಮಾರುಕಟ್ಟೆ ತೆರೆಯುವ ಮೊದಲೇ ಹೇಳಿಬಿಡಬೇಕು. ಅಷ್ಟು ವರ್ಷ ಆಡಿದವರು ಈ ಅವಧಿಯಲ್ಲಿ ಬಿಡುಗಡೆಯಾದರೆ ವೇವರ್‌ಗೆ, ಅಂದರೆ ಬೇರೆ ತಂಡಗಳು ಸರದಿಯಂತೆ ಅವರ ಒಪ್ಪಂದವನ್ನು ಕೇಳಿ ಪಡೆಯುವ ವ್ಯವಸ್ಥೆಗೆ, ಹೋಗದೆ ತಕ್ಷಣ ಬೇರೆ ತಂಡದೊಂದಿಗೆ ಸಹಿ ಹಾಕಬಹುದು. ಬಿಡುಗಡೆಯಾದ ಆಟಗಾರನನ್ನು ಸೇರಿಸಿಕೊಂಡ ತಂಡಕ್ಕೆ ಪರಿಹಾರದ ಡ್ರಾಫ್ಟ್ ಆಯ್ಕೆಗಳ (ಆಟಗಾರರನ್ನು ಕಳೆದುಕೊಂಡ ತಂಡಗಳಿಗೆ ಸಿಗುವ ಹೆಚ್ಚುವರಿ ಆಯ್ಕೆಗಳ) ಲೆಕ್ಕದಲ್ಲಿ ನಷ್ಟವಿಲ್ಲದ ಕಾರಣ ಅಂಥವರನ್ನು ಕೇಳುವವರೂ ಇರುತ್ತಾರೆ. ಹತ್ತು ದಿನ ತಡಮಾಡಿದರೆ ಬೇರೆ ತಂಡಗಳ ಹಣ ಖಾಲಿಯಾಗಿರುತ್ತದೆ. ನಾಯಕನಾಗಿ ಆಡಿದವರಿಗೆ ತಂಡ ತೋರಿಸಬಹುದಾದ ಕನಿಷ್ಠ ಗೌರವ ಇದು, ಉಳಿದ ಆಟಗಾರರೂ ಗಮನಿಸುತ್ತಾರೆ.

ಉತ್ತರ 1ರವರ ಮರುಮಾತು: ಲೆಕ್ಕದಪುಸ್ತಕ

ಖಾತರಿಯ ದಿನವನ್ನು ನಾನು ಗಮನಿಸದೆ ಹೋದದ್ದು ತಪ್ಪು. ರಿಸೀವರ್ ವಿಷಯದಲ್ಲಿ ನಿಮ್ಮ ದಾರಿಯೇ ಸರಿ. ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಮಾತ್ರ ನನ್ನ ಅಳುಕು ಹೋಗಿಲ್ಲ. ಹಳೆಯ 1.20 ಕೋಟಿಯ ಮೇಲೆ ಹೊಸ 72 ಲಕ್ಷ ಸೇರಿದರೆ 2027 ಮತ್ತು 2028ರ ಪಾಲುಗಳು ತಲಾ 1.92 ಕೋಟಿ. 2026ರ ನಂತರ ಅವರಿಂದ ಬೇರೆಯಾಗಬೇಕೆಂದರೆ 3.84 ಕೋಟಿ ಡೆಡ್ ಮನಿ ಎದುರು ನಿಲ್ಲುತ್ತದೆ. ಈ ಪರಿವರ್ತನೆಗೆ ಸಹಿ ಹಾಕುವುದೆಂದರೆ, ಇನ್ನೂ ಎರಡು ಋತು ಇವರೇ ನಮ್ಮ ಕ್ವಾರ್ಟರ್‌ಬ್ಯಾಕ್ ಎಂದು ಇವತ್ತೇ ತೀರ್ಮಾನಿಸಿದಂತೆ. ಪ್ರಶ್ನೆ ಕೇಳಿದವರಿಗೆ ಆ ನಂಬಿಕೆ ಇದೆಯೇ?

ಉತ್ತರ 3: ಹಳೆಯಕ್ರೀಡಾಂಗಣ

ಈ ಚರ್ಚೆಯ ತಿರುಳು ಈಗ ಹೊರಬಂದಿದೆ, ಆದ್ದರಿಂದ ಸ್ವಲ್ಪ ಹಿಂದಿನದನ್ನು ಹೇಳುತ್ತೇನೆ. ಕ್ಯಾಪ್ ಬಂದದ್ದು 1994ರಲ್ಲಿ. ಆಗಿನ ಮಿತಿ 3.46 ಕೋಟಿ ಡಾಲರ್. ಮರುವರ್ಷವೇ ಡಲ್ಲಾಸ್ ತಂಡ ರಕ್ಷಣಾ ಆಟಗಾರ ಡಿಯಾನ್ ಸ್ಯಾಂಡರ್ಸ್ ಅವರಿಗೆ ಸುಮಾರು 1.3 ಕೋಟಿಯ ಸೈನಿಂಗ್ ಬೋನಸ್ ಕೊಟ್ಟು, ಮೂಲ ಸಂಬಳವನ್ನು ಆರಂಭದ ವರ್ಷಗಳಲ್ಲಿ ತೀರ ಕಡಿಮೆ ಇಟ್ಟು ಕರೆತಂದಿತು. ಅದನ್ನು ತಡೆಯಲು ಲೀಗ್ ನಿಯಮವನ್ನೇ ತಿದ್ದಬೇಕಾಯಿತು. ಅಂದರೆ ಹಣವನ್ನು ಮುಂದಕ್ಕೆ ತಳ್ಳುವ ವಿದ್ಯೆ ಕ್ಯಾಪ್‌ನಷ್ಟೇ ಹಳೆಯದು.

ಮುಂದೂಡುವುದರ ಪರವಾದ ವಾದ ಹಗುರವಾದದ್ದಲ್ಲ. ಕ್ಯಾಪ್ ಸಾಲಕ್ಕೆ ಬಡ್ಡಿ ಇಲ್ಲ. ಮಿತಿಯೋ ಸಾಮಾನ್ಯವಾಗಿ ಏರುತ್ತಲೇ ಇರುತ್ತದೆ. 2022ರಲ್ಲಿ 20.82 ಕೋಟಿ, 2023ರಲ್ಲಿ 22.48 ಕೋಟಿ, 2024ರಲ್ಲಿ 25.54 ಕೋಟಿ, 2025ರಲ್ಲಿ 27.92 ಕೋಟಿ. ಇಂದಿನ 72 ಲಕ್ಷ ಮೂರು ವರ್ಷಗಳ ನಂತರ ಮಿತಿಯ ಇನ್ನೂ ಸಣ್ಣ ಭಾಗವಾಗುತ್ತದೆ. ಫಿಲಡೆಲ್ಫಿಯಾ 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್, ಅಂದರೆ ಲೀಗ್‌ನ ಅಂತಿಮ ಪಂದ್ಯ, ಗೆದ್ದ ತನ್ನ ತಂಡವನ್ನು ಹೀಗೆ ಬೋನಸ್‌ಗಳನ್ನೂ ಖಾಲಿ ವರ್ಷಗಳನ್ನೂ ಧಾರಾಳವಾಗಿ ಬಳಸಿಯೇ ಕಟ್ಟಿದೆ.

ಆದರೆ ಏರುತ್ತಲೇ ಇರುತ್ತದೆ ಎಂಬ ಮಾತು 2021ರಲ್ಲಿ ಒಮ್ಮೆ ಸುಳ್ಳಾಯಿತು. ಸಾಂಕ್ರಾಮಿಕದಿಂದ ಪ್ರೇಕ್ಷಕರಿಲ್ಲದೆ ಆದಾಯ ಕುಸಿದು, ಮಿತಿ 19.82 ಕೋಟಿಯಿಂದ 18.25 ಕೋಟಿಗೆ ಇಳಿಯಿತು. ಹಲವು ವರ್ಷಗಳಿಂದ ಮುಂದೂಡುತ್ತ ಬಂದಿದ್ದ ನ್ಯೂ ಓರ್ಲಿಯನ್ಸ್ ಆ ವಸಂತದಲ್ಲಿ ಮಿತಿಗಿಂತ ಸುಮಾರು 10 ಕೋಟಿ ಡಾಲರ್ ಮೇಲಿತ್ತು. ನಿವೃತ್ತಿಯ ಹೊಸ್ತಿಲಲ್ಲಿದ್ದ ಅದರ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ತಮ್ಮ 2.5 ಕೋಟಿಯ ಸಂಬಳವನ್ನು ಕನಿಷ್ಠವಾದ 10.75 ಲಕ್ಷಕ್ಕೆ ಇಳಿಸಿಕೊಟ್ಟು ತಂಡಕ್ಕೆ ಉಸಿರು ಕೊಟ್ಟರು. ತಂಡ ಮಿತಿಯೊಳಗೆ ಬಂದದ್ದು ನಿಜ. ಮಿತಿಯೊಳಗೆ ಬರಲಾಗದ ತಂಡ ಎಂಬುದು ಬಹುತೇಕ ಇಲ್ಲವೇ ಇಲ್ಲ. ಆದರೆ ಬ್ರೀಸ್ ಹೋದ ನಂತರದ ನಾಲ್ಕು ಋತುಗಳಲ್ಲಿ ಅದು 9-8, 7-10, 9-8, 5-12 (ಗೆಲುವು-ಸೋಲು) ಎಂದು ಮುಗಿಸಿದೆ, ಒಮ್ಮೆಯೂ ಪ್ಲೇಆಫ್ ತಲುಪಿಲ್ಲ. ವಯಸ್ಸಾದ ಆಟಗಾರರ ಬೋನಸ್ ಪಾಲುಗಳು ಬಾಕಿ ಇದ್ದುದರಿಂದ ಅವರನ್ನು ಬಿಡಲಾಗಲಿಲ್ಲ, ಬಿಡಲಾಗದ್ದರಿಂದ ಅವರನ್ನೇ ಮತ್ತೆ ಪರಿವರ್ತಿಸಬೇಕಾಯಿತು. ಸೋತದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ತಂಡವನ್ನು ಹೊಸದಾಗಿ ಕಟ್ಟುವ ಆಯ್ಕೆಯೇ ವರ್ಷ ವರ್ಷವೂ ಕೈಜಾರಿದ್ದು ಹೀಗೆ.

ಡೆನ್ವರ್ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. 2024ರ ಮಾರ್ಚ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಅವರನ್ನು ಬಿಟ್ಟು, 8.5 ಕೋಟಿಯ ಡೆಡ್ ಮನಿಯನ್ನು ಒಪ್ಪಿಕೊಂಡು, 2024ಕ್ಕೆ 5.3 ಕೋಟಿ ಮತ್ತು 2025ಕ್ಕೆ 3.2 ಕೋಟಿ ಎಂದು ಹಂಚಿಕೊಂಡಿತು. ಲೀಗ್ ಅಷ್ಟು ದೊಡ್ಡ ಮೊತ್ತವನ್ನು ಅದುವರೆಗೆ ಕಂಡಿರಲಿಲ್ಲ. ಆದರೂ ಅದೇ ವರ್ಷ 10-7 ಮಾಡಿ ಪ್ಲೇಆಫ್‌ಗೆ ಹೋಯಿತು. ಅವರ ಜಾಗಕ್ಕೆ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಬಂದ ಬೋ ನಿಕ್ಸ್ ಅವರ ನಾಲ್ಕು ವರ್ಷಗಳ ಒಪ್ಪಂದ 2 ಕೋಟಿಗೂ ಕಡಿಮೆಯಾಗಿದ್ದದ್ದು ಅದನ್ನು ಸಾಧ್ಯವಾಗಿಸಿತು. ಡೆಡ್ ಮನಿ ಎಂಬ ಹೆಸರೇ ಭಯ ಹುಟ್ಟಿಸುತ್ತದೆ. ಆದರೆ ತಪ್ಪನ್ನು ಒಪ್ಪಿಕೊಂಡು ಒಂದೆರಡು ವರ್ಷದಲ್ಲಿ ತೀರಿಸುವುದು ಕೆಲವೊಮ್ಮೆ ಮುಂದೂಡುವುದಕ್ಕಿಂತ ಅಗ್ಗ.

ಕ್ಯಾನ್ಸಸ್ ಸಿಟಿಯನ್ನೂ ನೋಡಿ. 2022ರಲ್ಲಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಒಬ್ಬರೇ ಮಿತಿಯ ಸುಮಾರು 17 ಶೇಕಡಾ ಪಾಲು ಹೊಂದಿದ್ದರು. ಅದೇ ಮಾರ್ಚ್‌ನಲ್ಲಿ ತಂಡ ರಿಸೀವರ್ ಟೈರೀಕ್ ಹಿಲ್ ಅವರನ್ನು ಐದು ಡ್ರಾಫ್ಟ್ ಆಯ್ಕೆಗಳಿಗೆ ಮಯಾಮಿಗೆ ಕಳುಹಿಸಿತು, ಕಡಿಮೆ ಸಂಬಳದ ಹೊಸಬರಿಂದ ರಕ್ಷಣಾ ವಿಭಾಗವನ್ನು ತುಂಬಿಕೊಂಡಿತು, ಸೂಪರ್ ಬೌಲ್ ಗೆದ್ದಿತು. ಹಿಲ್ ಅವರಿಗೂ ದೊಡ್ಡ ಒಪ್ಪಂದ ಕೊಟ್ಟು ಎಲ್ಲವನ್ನೂ ಮುಂದೂಡುವ ದಾರಿ ಅವರಿಗೂ ಇತ್ತು.

ಹಾಗಾಗಿ ಮುಂದೂಡುವುದು ಸರಿಯೇ ತಪ್ಪೇ ಎಂದು ಕೇಳುವ ಬದಲು, ಯಾರ ಹೆಸರಿನಲ್ಲಿ ಮುಂದೂಡುತ್ತೀರಿ ಎಂದು ಕೇಳಿಕೊಳ್ಳಿ. 29 ವರ್ಷದ ಕ್ವಾರ್ಟರ್‌ಬ್ಯಾಕ್ ಹೆಸರಿನಲ್ಲಾದರೆ ನಾನು ಒಪ್ಪುತ್ತೇನೆ, ಏಕೆಂದರೆ ಆ ಸ್ಥಾನದಲ್ಲಿ 33ರವರೆಗೆ ಚೆನ್ನಾಗಿ ಆಡುವುದು ಸಾಮಾನ್ಯ. 31 ವರ್ಷದ ಟ್ಯಾಕಲ್ ಹೆಸರಿನಲ್ಲಿ ಖಂಡಿತ ಬೇಡ.

ಪ್ರಶ್ನೆ ಕೇಳಿದವರು: ಭಾನುವಾರದನೋಟ

ಮೂವರಿಗೂ ಮನಃಪೂರ್ವಕ ಧನ್ಯವಾದ. ಕ್ವಾರ್ಟರ್‌ಬ್ಯಾಕ್ ಮೇಲೆ ನನಗೆ ನಂಬಿಕೆ ಇದೆ. ಕಳೆದ ಋತುವಿನ ಕೊನೆಯ ಆರು ಪಂದ್ಯಗಳನ್ನು ಮತ್ತೊಮ್ಮೆ ನೋಡಿದ ಮೇಲೂ ಇದೆ. ಎರಡು ಸಂದೇಹಗಳು ಉಳಿದಿವೆ. ರಿಸೀವರ್ ಅವರನ್ನು ಬಿಡುವ ಬದಲು ಬೇರೆ ತಂಡಕ್ಕೆ ಕೊಟ್ಟು ಒಂದು ಡ್ರಾಫ್ಟ್ ಆಯ್ಕೆಯನ್ನಾದರೂ ಪಡೆಯಬಾರದೇ? ಅವರು ಹೋದರೆ ಬರುವ ಹೊಸ ರಿಸೀವರ್‌ಗೆ ಕಡಿಮೆ ಮೂಲ ಸಂಬಳ ಮತ್ತು ಸಾಧನೆಗೆ ತಕ್ಕ ಬೋನಸ್ ಕೊಟ್ಟರೆ ಅದು ಕ್ಯಾಪ್‌ನಲ್ಲಿ ಹೇಗೆ ಎಣಿಕೆಯಾಗುತ್ತದೆ?

ಉತ್ತರ 4: ಹದಿನೆಂಟುವಾರ

ವಿನಿಮಯ ಮಾಡಿದರೆ 1.20 ಕೋಟಿ ಮೂಲ ಸಂಬಳ ಹೊಸ ತಂಡದ ಲೆಕ್ಕಕ್ಕೆ ಹೋಗುತ್ತದೆ, ಆದರೆ ಬೋನಸ್‌ನ ಬಾಕಿ 90 ಲಕ್ಷ ನಿಮ್ಮಲ್ಲೇ ಉಳಿಯುತ್ತದೆ. ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದಷ್ಟೇ ಉಳಿತಾಯ. ಜೂನ್ 1ರ ಗುರುತು ಬಿಡುಗಡೆಗೆ ಮಾತ್ರ ಅನ್ವಯಿಸುತ್ತದೆ, ಮಾರ್ಚ್‌ನ ವಿನಿಮಯಕ್ಕೆ ಅಲ್ಲ. ಐದನೇ ದಿನದೊಳಗೆ ಯಾರಾದರೂ ಒಳ್ಳೆಯ ಆಯ್ಕೆಯೊಂದನ್ನು ಕೊಟ್ಟರೆ ಯೋಚಿಸಬಹುದು. ಆದರೆ ಆ ಸಂಬಳ ಹೆಚ್ಚಾಯಿತು ಎಂದು ಇಡೀ ಲೀಗ್‌ಗೆ ಗೊತ್ತಿದ್ದರೆ ಕೊಳ್ಳುವವರು ನಿಮ್ಮಿಂದಲೇ ಕೇಳುತ್ತಾರೆ. 2017ರಲ್ಲಿ ಹ್ಯೂಸ್ಟನ್ ತಂಡ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಆಸ್ವೈಲರ್ ಅವರ 1.6 ಕೋಟಿಯ ಸಂಬಳದಿಂದ ಪಾರಾಗಲು ಎರಡನೇ ಸುತ್ತಿನ ಆಯ್ಕೆಯನ್ನು ಜೊತೆಗೆ ಸೇರಿಸಿ ಕ್ಲೀವ್‌ಲ್ಯಾಂಡ್‌ಗೆ ಕೊಡಬೇಕಾಯಿತು. ನಾನಾದರೆ ನಾಲ್ಕು ದಿನ ವಿಚಾರಿಸಿ, ಆಮೇಲೆ ಬಿಡುಗಡೆ ಮಾಡುತ್ತೇನೆ.

ಸಾಧನೆಯ ಬೋನಸ್‌ಗೆ ಅಳತೆಗೋಲು ಹಿಂದಿನ ಋತು. ಕಳೆದ ಬಾರಿ 60 ಚೆಂಡು ಹಿಡಿದವರಿಗೆ 55ಕ್ಕೆ ಬೋನಸ್ ಇಟ್ಟರೆ ಅದು ದೊರೆಯುವ ಸಾಧ್ಯತೆ ಇರುವುದೆಂದು ಪರಿಗಣಿತವಾಗಿ ಈಗಲೇ ಮಿತಿಗೆ ಸೇರುತ್ತದೆ. 65ಕ್ಕೆ ಇಟ್ಟರೆ ಈಗ ಸೇರುವುದಿಲ್ಲ, ಅವರು ಗಳಿಸಿದರೆ ಮುಂದಿನ ವರ್ಷದ ಮಿತಿಯಿಂದ ಕಳೆಯಲಾಗುತ್ತದೆ. ಪ್ರತಿ ಪಂದ್ಯದಲ್ಲಿ ಕಣಕ್ಕೆ ಇಳಿದದ್ದಕ್ಕೆ ಕೊಡುವ ಬೋನಸ್ ಕೂಡ ಹಾಗೆಯೇ: ಹಿಂದಿನ ಋತುವಿನ 17 ಪಂದ್ಯಗಳಲ್ಲಿ 12 ಆಡಿದವರಿಗೆ 17ರಲ್ಲಿ 12 ಭಾಗವೇ ಈಗ ಎಣಿಕೆಯಾಗುತ್ತದೆ. ಗಾಯದಿಂದ ಅರ್ಧ ಋತು ಕಳೆದುಕೊಂಡ, ಆದರೆ ಗುಣವಾಗಿರುವ 28ರ ಆಸುಪಾಸಿನ ರಿಸೀವರ್ ನಿಮಗೆ ಈ ವರ್ಷ ಸರಿಹೊಂದುತ್ತಾರೆ. ಅವರಿಗೆ ಗಳಿಸುವ ಅವಕಾಶ ದೊಡ್ಡದು, ನಿಮಗೆ ಇಂದಿನ ಹೊರೆ ಸಣ್ಣದು.

ಇನ್ನು ಋತುವಿನ ಮೀಸಲು. ಇದರ ಬಗ್ಗೆ ಜನ ಕಡಿಮೆ ಮಾತನಾಡುತ್ತಾರೆ, ಆದರೆ ನವೆಂಬರ್‌ನಲ್ಲಿ ತಂಡಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. 51ರ ರಿಯಾಯಿತಿ ಬೇಸಿಗೆಗಷ್ಟೇ. ಋತು ಆರಂಭವಾದಾಗ 53 ಮಂದಿ, ಗಾಯಾಳುಗಳ ಪಟ್ಟಿಯಲ್ಲಿರುವವರು, ಅಭ್ಯಾಸ ತಂಡ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಭ್ಯಾಸ ತಂಡದ 16 ಮಂದಿಗೆ 2025ರಲ್ಲಿ ವಾರಕ್ಕೆ ಕನಿಷ್ಠ 13,000 ಡಾಲರ್‌ನಂತೆ 18 ವಾರಗಳಿಗೆ 37 ಲಕ್ಷಕ್ಕೂ ಹೆಚ್ಚು. 52 ಮತ್ತು 53ನೆಯವರಿಗೆ ಸುಮಾರು 20 ಲಕ್ಷ. ಡ್ರಾಫ್ಟ್‌ನಲ್ಲಿ ಬರುವ ಹೊಸಬರ ಒಟ್ಟು ಮೊತ್ತ ನೋಡಿ ಗಾಬರಿಯಾಗಬೇಡಿ. ಅವರಲ್ಲಿ ಕೆಳಗಿನ ಸುತ್ತುಗಳವರು ಬೇಸಿಗೆಯಲ್ಲಿ 51ರೊಳಗೆ ಬರುವುದೇ ಇಲ್ಲ, ಬಂದವರು ಇನ್ನೊಬ್ಬರನ್ನು ಕೆಳಗಿಳಿಸಿ ಬರುತ್ತಾರೆ. ಹಾಗಾಗಿ ನಿವ್ವಳ ಹೊರೆ ಒಟ್ಟು ಮೊತ್ತಕ್ಕಿಂತ ಬಹಳ ಕಡಿಮೆ. ಇದೆಲ್ಲದರ ಮೇಲೆ ಗಾಯಗಳು. ಗಾಯಗೊಂಡವರ ಸಂಬಳ ನಿಲ್ಲುವುದಿಲ್ಲ, ಬದಲಿಗೆ ಬಂದವರ ಸಂಬಳ ಸೇರಿಕೊಳ್ಳುತ್ತದೆ. ಅದಕ್ಕೆಂದೇ ಕನಿಷ್ಠ 40 ಲಕ್ಷವನ್ನು ಸೆಪ್ಟೆಂಬರ್‌ನ ಮೊದಲ ಪಂದ್ಯದ ದಿನ ಬೇರೆ ಇಟ್ಟಿರಬೇಕು ಎಂಬುದು ನನ್ನ ಅಂದಾಜು. ಉಳಿದರೆ ನಷ್ಟವಿಲ್ಲ, ಈ ವರ್ಷ ನಿಮಗೆ 48 ಲಕ್ಷ ಬಂದಂತೆ ಮುಂದಿನ ವರ್ಷಕ್ಕೆ ಹೋಗುತ್ತದೆ.

ರಿಸೀವರ್ ಅವರಿಂದ ಜೂನ್ 2ರಂದು ಬರುವ 1.20 ಕೋಟಿಯಲ್ಲಿ ಅವರ ಜಾಗಕ್ಕೆ ಏರುವವರ 8.40 ಲಕ್ಷ ಕಳೆದರೆ ಸುಮಾರು 1.12 ಕೋಟಿ. ಆ ಹಣವನ್ನು ಮಾರ್ಚ್‌ನಲ್ಲೇ ಮನಸ್ಸಿನಲ್ಲಿ ಖರ್ಚು ಮಾಡಿಬಿಡಬೇಡಿ. ನಾನು ಮೇಲೆ ಹೇಳಿದ ಎಲ್ಲವೂ ಅದರಿಂದಲೇ ಆಗಬೇಕು.

ಪ್ರಶ್ನೆ ಕೇಳಿದವರು: ಭಾನುವಾರದನೋಟ

ಈ ರಾತ್ರಿ ಕೋಷ್ಟಕವನ್ನು ಹೊಸದಾಗಿ ಬರೆದೆ. ಸೇಫ್ಟಿಯವರ ಬಿಡುಗಡೆ ಮೊದಲ ಸಾಲಿನಲ್ಲಿದೆ, ಮಾರುಕಟ್ಟೆ ತೆರೆಯುವ ಮುಂಚಿನ ದಿನಾಂಕದೊಂದಿಗೆ. ಕ್ವಾರ್ಟರ್‌ಬ್ಯಾಕ್ ಪರಿವರ್ತನೆ ಪೂರ್ತಿಯಾಗಿ, ನಾಲ್ಕೇ ವರ್ಷಕ್ಕೆ, ಖಾಲಿ ವರ್ಷವಿಲ್ಲದೆ. ರಿಸೀವರ್‌ಗೆ ನಾಲ್ಕು ದಿನದ ವಿಚಾರಣೆ, ಆಮೇಲೆ ಜೂನ್ 1ರ ಗುರುತಿನೊಂದಿಗೆ ಬಿಡುಗಡೆ. ಟ್ಯಾಕಲ್ ಸಾಲನ್ನು ಹಾಗೆಯೇ ಬಿಟ್ಟಿದ್ದೇನೆ. ಪಾಸ್ ರಶರ್ ಎದುರು ದಿನಾಂಕವನ್ನು ಬರೆದಿಲ್ಲ, 78 ಲಕ್ಷವನ್ನು ಯಾವ ಖರ್ಚಿಗೂ ಜೋಡಿಸಿಲ್ಲ.

ಕೊನೆಗೆ 2026ರ ಪುಟವನ್ನೂ ತೆರೆದು ರಿಸೀವರ್ ಅವರ ಬಾಕಿ 60 ಲಕ್ಷ ಮತ್ತು ಕ್ವಾರ್ಟರ್‌ಬ್ಯಾಕ್ ಅವರ ಹೊಸ 72 ಲಕ್ಷವನ್ನು ಈಗಲೇ ನಮೂದಿಸಿದೆ. ಬರುವ ವರ್ಷದ ಲೆಕ್ಕ 1.32 ಕೋಟಿಯಿಂದ ಆರಂಭವಾಗುತ್ತದೆ. ಮುಂದಿನ ಮಾರ್ಚ್‌ನಲ್ಲಿ ಯಾರನ್ನು ಉಳಿಸಿಕೊಳ್ಳಬೇಕು ಎಂದು ಕೇಳಲು ಮತ್ತೆ ಬರುತ್ತೇನೆ. ಆಗ ಆ ಪುಟವನ್ನೇ ಮೊದಲು ನಿಮ್ಮ ಮುಂದೆ ಇಡುತ್ತೇನೆ.